ಹತ್ತಿಗೆ ನೀರು ಯಾವಾಗ, ಹೆಚ್ಚಿನ ಸಸಿ ಕೀಳುವುದು ಯಾವಾಗ: ಎರಿ (ಕಪ್ಪು ಮಣ್ಣಿನ) ಹೊಲದವರಿಗೆ ಸಮಗ್ರ ಮಾರ್ಗದರ್ಶಿ

ಎಕರೆಗೆ 5,000 ಗಿಡ, ಗಿಡಕ್ಕೆ 35 ಕಾಯಿ, ಕಾಯಿಗೆ 4 ಗ್ರಾಂ ಹತ್ತಿ ಎಂದು ಲೆಕ್ಕ ಹಿಡಿದರೆ 7 ಕ್ವಿಂಟಲ್ ಆಗುತ್ತದೆ. ಇದೇ ಲೆಕ್ಕದಲ್ಲಿ ಗಿಡಕ್ಕೆ ಐದೇ ಐದು ಕಾಯಿ ಉದುರಿದರೆ ಒಂದು ಕ್ವಿಂಟಲ್ ಹೋಯಿತು. ಈ ಐದು ಕಾಯಿ ನಿಲ್ಲುವುದೂ ಉದುರುವುದೂ ಬಹಳ ಮಟ್ಟಿಗೆ ಎರಡು ಸಮಯದ ಮೇಲೆ ನಿಂತಿದೆ. ಒಂದು, ಬಿತ್ತಿದ 15ರಿಂದ 20ನೇ ದಿನ. ಆಗ ಗುಣಿಯಲ್ಲಿ ಒಂದೇ ಸಸಿ ಉಳಿಸಬೇಕು. ಇನ್ನೊಂದು, 60ರಿಂದ 100ನೇ ದಿನ. ಆಗ ಬೇರಿಗೆ ಹಸಿ ತಪ್ಪಬಾರದು. ಈ ಎರಡು ಹೊತ್ತು ತಪ್ಪಿದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಎಷ್ಟು ಔಷಧ ಹೊಡೆದರೂ ಪೂರ್ತಿ ಸರಿಹೋಗುವುದಿಲ್ಲ.

ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿಯ ಪೂರ್ವ ಭಾಗ ಮಳೆ ನೆರಳಿನ ನಾಡು. ಮೃಗಶಿರದಲ್ಲಿ, ಅಂದರೆ ಜೂನ್ ನಡುವೆ ಬಿತ್ತಿದ ಹತ್ತಿಗೆ 60 ದಿನ ತುಂಬುವುದು ಆಗಸ್ಟ್ ನಡುವೆ, ಮಘ ಮಳೆಯ ಹೊತ್ತಿಗೆ. ನಮ್ಮ ಕಡೆ ಆ ದಿನಗಳಲ್ಲಿ ಮೋಡ ಇರುತ್ತದೆ, ಗಾಳಿ ಇರುತ್ತದೆ, ಮಳೆ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಹತ್ತಿ ಹೂವಾಡುವುದು ಸರಿಯಾಗಿ ಆಗಲೇ. ಆಮೇಲೆ ಉತ್ತರಿ, ಹಸ್ತ ಮಳೆ ಒಮ್ಮೆಲೇ ಸುರಿದು ಹೊಲದಲ್ಲಿ ನೀರು ನಿಲ್ಲುತ್ತದೆ. ಒಣಗಿಸಿ ಮುಳುಗಿಸುವ ಈ ಜೋಡಿ ಏಟೇ ಇಲ್ಲಿನ ಹತ್ತಿಯ ದೊಡ್ಡ ತೊಂದರೆ. ನೀರಿನ ಯೋಜನೆಯನ್ನು ಇದನ್ನು ನೋಡಿಕೊಂಡೇ ಮಾಡಬೇಕು.

ಮೊದಲು ಗಿಡದ ಲೆಕ್ಕ

ಸಾಲಿನಿಂದ ಸಾಲಿಗೆ 120 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 5,600 ಗುಣಿ ಬರುತ್ತವೆ. 90 × 60 ಇಟ್ಟರೆ 7,500ರ ಹತ್ತಿರ, 90 × 30 ಇಟ್ಟರೆ 15,000ದ ಹತ್ತಿರ. ನೀರಾವರಿಯ ಆಳವಾದ ಎರಿಯಲ್ಲಿ ಗಿಡ ಹರಡಿಕೊಂಡು ಬೆಳೆಯುತ್ತದೆ, ಅಲ್ಲಿ 120 × 60 ಒಪ್ಪುತ್ತದೆ. ಮಸಾರಿ (ಹಗುರವಾದ ಕೆಂಪು ಮಣ್ಣಿನ) ಹೊಲದಲ್ಲಿ, ಇಲ್ಲವೇ ಎರಡಡಿ ಕೆಳಗೆ ಗರಸು ಸಿಗುವ ಹೊಲದಲ್ಲಿ ಗಿಡ ಗಿಡ್ಡವಾಗಿಯೇ ಉಳಿಯುತ್ತದೆ. ಅಲ್ಲಿ 90 ಸೆಂ.ಮೀ. ಸಾಲು ಹಿಡಿದು ಗಿಡಗಳನ್ನು ಹತ್ತಿರ ಮಾಡುವುದೇ ಲೇಸು.

ಬಿಟಿ (ಕಾಯಿಕೊರಕ ತಡೆಯಲೆಂದು ಜೀನ್ ಸೇರಿಸಿದ) ಬೀಜದ ಒಂದು ಪೊಟ್ಟಣದಲ್ಲಿ 450–475 ಗ್ರಾಂ ಇರುತ್ತದೆ. ನೂರು ಕಾಳು 8ರಿಂದ 11 ಗ್ರಾಂ ತೂಗುವುದರಿಂದ, ಕಾಳಿನ ಗಾತ್ರದಂತೆ ಪೊಟ್ಟಣಕ್ಕೆ ನಾಲ್ಕು ಸಾವಿರದಿಂದ ಆರು ಸಾವಿರದ ಹತ್ತಿರ ಕಾಳು ಎಂದಿಟ್ಟುಕೊಳ್ಳಿ. ಪ್ರತಿ ಗುಣಿಗೂ ಎರಡೆರಡು ಊರಿದರೆ ಪೊಟ್ಟಣ ಅರ್ಧ ಎಕರೆಗೆ ಸಾಲುವುದೇ ಕಷ್ಟ. ಬೀಜದ ದರ ನೋಡಿ ಬಹಳ ಮಂದಿ ಗುಣಿಗೆ ಒಂದೇ ಕಾಳು ಊರುತ್ತಾರೆ. ಹಸಿ ಚೆನ್ನಾಗಿದ್ದರೆ ಅದು ತಪ್ಪಲ್ಲ. ನಡುವಿನ ದಾರಿಯೂ ಇದೆ: ಗುಣಿಗೆ ಒಂದು ಕಾಳು, ಪ್ರತಿ ನಾಲ್ಕನೇ ಗುಣಿಗೆ ಎರಡು, ಅದರ ಜೊತೆಗೆ ಎಕರೆಗೆ 250–300 ಚಹಾ ಕಪ್ಪಿನಲ್ಲಿ ಸಸಿ. ಕಪ್ಪಿನ ತಳಕ್ಕೆ ತೂತು ಹೊಡೆದು, ಮಣ್ಣು ಮತ್ತು ಕಳಿತ ತಿಪ್ಪೆಗೊಬ್ಬರ ಸಮ ಬೆರೆಸಿ ತುಂಬಿ, ಹೊಲದಲ್ಲಿ ಬಿತ್ತಿದ ದಿನವೇ ಕಪ್ಪಿನಲ್ಲೂ ಕಾಳು ಊರಿರಿ. ಅದೇ ದಿನ ಊರಬೇಕು ಎಂಬುದೇ ಇಲ್ಲಿ ಮುಖ್ಯ, ಏಕೆಂದು ಮುಂದೆ ತಿಳಿಯುತ್ತದೆ.

ಕಾಳು 3ರಿಂದ 4 ಸೆಂ.ಮೀ. ಆಳಕ್ಕಿಂತ ಕೆಳಗೆ ಹೋಗಬಾರದು. ಬೋದಿನ (ಸಾಲುಗಳ ನಡುವಿನ ಮಣ್ಣಿನ ದಿಣ್ಣೆಯ) ಮೇಲೆ ಊರುವವರು ನೆತ್ತಿಯಲ್ಲಿ ಊರದೆ ಪಕ್ಕದಲ್ಲಿ, ನೀರು ಏರುವ ಗೆರೆಗಿಂತ ತುಸು ಮೇಲೆ ಊರಿ. ಕಾಲುವೆ ಬಯಲಿನ ಸವಳು ನೆಲದಲ್ಲಿ ಇದನ್ನು ಮರೆಯುವಂತಿಲ್ಲ. ನೀರು ಬೋದಿನಲ್ಲಿ ಮೇಲಕ್ಕೇರುವಾಗ ಉಪ್ಪನ್ನೂ ಎಳೆದುಕೊಂಡು ಹೋಗಿ ನೆತ್ತಿಯಲ್ಲಿ ಬಿಡುತ್ತದೆ. ಬೆಳೆದ ಹತ್ತಿ ಉಪ್ಪನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಮೊಳಕೆ ತಡೆದುಕೊಳ್ಳುವುದಿಲ್ಲ.

ಬಾರದ ಕಡೆ ತುಂಬುವುದು: 7ರಿಂದ 15ನೇ ದಿನ

ಏಳೆಂಟು ದಿನಕ್ಕೆ ಮೊಳಕೆ ಪೂರ್ತಿ ಕಾಣುತ್ತದೆ. ಸಾಲು ಸಾಲು ನಡೆದು ನೋಡಿ. ಒಂದು ಗುಣಿ ಖಾಲಿ ಇದ್ದರೆ ಚಿಂತೆ ಬೇಡ, ಅಕ್ಕಪಕ್ಕದ ಗಿಡ ಟೊಂಗೆ ಚಾಚಿ ಬಹುಪಾಲು ತುಂಬಿಕೊಳ್ಳುತ್ತವೆ. ಒಂದೇ ಕಡೆ ಎರಡು ಮೂರು ಗುಣಿ ಖಾಲಿ ಇದ್ದರೆ ಆ ಜಾಗ ಕಸದ ಪಾಲು. ಅಂಥಲ್ಲಿ 10ನೇ ದಿನದೊಳಗಾದರೆ ಮತ್ತೆ ಕಾಳು ಊರಬಹುದು, ಅದರಾಚೆ ಬೇಡ. ತಡವಾಗಿ ಹುಟ್ಟಿದ ಸಸಿ ದೊಡ್ಡ ಗಿಡಗಳ ನೆರಳಲ್ಲಿ ಸೊರಗಿ ಉದ್ದಕ್ಕೆ ಏಳುತ್ತದೆ, ಕಾಯಿ ಹಿಡಿಯುವುದಿಲ್ಲ, ಸೀಸನ್ ಮುಗಿದ ಮೇಲೂ ಹಸಿರಾಗಿ ನಿಂತು ಹುಳಕ್ಕೆ ಮನೆಯಾಗುತ್ತದೆ. ಅದಕ್ಕೇ ಕಪ್ಪಿನ ಸಸಿ. ಹೊಲದ ಸಸಿಯ ವಯಸ್ಸೇ ಅದಕ್ಕೂ ಇರುವುದರಿಂದ ಹಿಂದೆ ಬೀಳುವುದಿಲ್ಲ. 12ರಿಂದ 15ನೇ ದಿನ, ಸಂಜೆ ಹೊತ್ತು, ಕಪ್ಪು ಹರಿದು ಮಣ್ಣಿನ ಉಂಡೆ ಒಡೆಯದಂತೆ ಇಟ್ಟು ಒಂದು ಚೊಂಬು ನೀರು ಹಾಕಿ. ಹತ್ತಿಯ ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಕಪ್ಪಿನಲ್ಲಿ 15 ದಿನ ಮೀರಿದರೆ ಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ. ಅಂಥ ಸಸಿ ನೆಟ್ಟರೂ ಕೊನೆತನಕ ಕುಂಟುತ್ತದೆ.

ಹೆಚ್ಚಿನ ಸಸಿ ಕೀಳುವುದು: 15ರಿಂದ 20ನೇ ದಿನ

ಒಂದೇ ಗುಣಿಯಲ್ಲಿ ಎರಡು ಸಸಿ ಹುಲುಸಾಗಿ ನಿಂತಾಗ ಒಂದನ್ನು ತೆಗೆಯಲು ಕೈ ಬರುವುದಿಲ್ಲ. ಕಾಳಿಗೆ ಕೊಟ್ಟ ದುಡ್ಡು ಕಣ್ಣ ಮುಂದೆ ಬರುತ್ತದೆ. ಆದರೆ ಎರಡೂ ಉಳಿದರೆ ಆಗುವುದೇನು ನೋಡಿ. ಎರಡರ ಬೇರೂ ಒಂದೇ ಜಾಗದ ಹಸಿಯನ್ನು ಹೀರುತ್ತವೆ, ಹಾಗಾಗಿ ಪಕ್ಕದ ಒಂಟಿ ಗಿಡಕ್ಕಿಂತ ಮೊದಲೇ ಬಾಡುತ್ತವೆ. ಬೆಳಕಿಗಾಗಿ ಪೈಪೋಟಿಗೆ ಬಿದ್ದು ಗಿಣ್ಣು-ಗಿಣ್ಣಿನ ನಡುವೆ ಉದ್ದವಾಗುತ್ತವೆ. ಸಾಮಾನ್ಯವಾಗಿ ಐದನೆಯದರಿಂದ ಏಳನೇ ಗಿಣ್ಣಿನಲ್ಲಿ ಒಡೆಯುವ ಮೊದಲ ಕಾಯಿ ಟೊಂಗೆ ಮೇಲಕ್ಕೆ ಸರಿಯುತ್ತದೆ. ಕೆಳಗಿನ ಟೊಂಗೆಯ ಮೊಗ್ಗು ನೆರಳಿಗೆ ಸಿಕ್ಕು ಉದುರುತ್ತದೆ. ಮೊದಲು ಒಡೆಯುವ ತೂಕದ ಕಾಯಿ ಇರುವುದು ಆ ಕೆಳಗಿನ ಟೊಂಗೆಯಲ್ಲೇ. ಮಳೆಯಾಶ್ರಿತ ಹೊಲದಲ್ಲಂತೂ ಮಳೆ ನಿಂತ ಮೇಲಿನ ಕಾಯಿಯನ್ನು ನಂಬುವಂತಿಲ್ಲ, ಕೆಳಗಿನದೇ ಗತಿ.

ಹಾಗೆಂದು ಎರಡೆಲೆ ಬಿಟ್ಟ ಕೂಡಲೇ ಕೀಳಬಾರದು. ಮೊದಲ ಹತ್ತು ಹನ್ನೆರಡು ದಿನ ಸಸಿ ಕೊಳೆ, ಹುಳ, ಬಿಸಿಲಿಗೆ ಸಾಯುವುದು ಇದ್ದೇ ಇದೆ. ಬೀಜದೆಲೆ ಬಿಟ್ಟು ಮೂರು ನಾಲ್ಕು ಎಲೆ ಬಂದಾಗ ಬದುಕುವ ಸಸಿ ಯಾವುದೆಂದು ಗೊತ್ತಾಗುತ್ತದೆ. ಅದು 15ರಿಂದ 20ನೇ ದಿನ. 25 ದಾಟಿಸಬೇಡಿ. 35ಕ್ಕೆ ಕಿತ್ತರೆ ಉಳಿದ ಸಸಿ ಆಗಲೇ ಸೊರಗಿ ಉದ್ದವಾಗಿರುತ್ತದೆ, ಗಾಳಿಗೆ ವಾಲುತ್ತದೆ.

ಯಾವುದನ್ನು ಉಳಿಸಬೇಕು? ಎತ್ತರದ್ದನ್ನಲ್ಲ. ಕಾಂಡ ದಪ್ಪ, ಗಿಣ್ಣು ಹತ್ತಿರ, ಎಲೆ ಮುದುಡಿರದ ಸಸಿ ಉಳಿಸಿ. ಎರಡೂ ಸಮನಾಗಿದ್ದರೆ ಸಾಲಿನ ಗೆರೆಯಲ್ಲಿ ನಿಂತದ್ದನ್ನು ಉಳಿಸಿ, ಎಡೆಕುಂಟೆಗೆ ಸಿಗುವುದಿಲ್ಲ.

ತೆಗೆಯುವ ಕ್ರಮದಲ್ಲೇ ಬಹಳ ಹಾನಿಯಾಗುವುದು. ಮಳೆಯಾಗಿಯೋ ನೀರು ಹಾಯಿಸಿಯೋ ಎರಡು ದಿನದೊಳಗೆ ಮಣ್ಣು ಮೆತ್ತಗಿದ್ದರೆ ಕೀಳಬಹುದು. ಒಂದು ಕೈ ಬೆರಳುಗಳಿಂದ ಉಳಿಯುವ ಸಸಿಯ ಬುಡ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೇಡದ್ದನ್ನು ಓರೆಯಾಗಿ ಎಳೆಯಿರಿ. ಒಣಗಿದ ಎರಿಯಲ್ಲಿ ಎಳೆದರೆ ಹೆಂಟೆಯ ಸಮೇತ ಎರಡೂ ಬರುತ್ತವೆ, ಇಲ್ಲವೇ ಉಳಿದ ಸಸಿಯ ಬೇರು ಹರಿದು ಮೂರನೇ ದಿನ ಬಾಡುತ್ತದೆ. ಒಣ ನೆಲದಲ್ಲಿ ಕತ್ತರಿಯಿಂದ ಕತ್ತರಿಸುವುದೇ ಸರಿ. ಅದೂ ಬೀಜದೆಲೆಯ ಗಿಣ್ಣಿಗಿಂತ ಕೆಳಗೆ, ಮಣ್ಣಿಗೆ ತಾಗಿಸಿ. ಬೀಜದೆಲೆಯ ಮೇಲೆ ಕತ್ತರಿಸಿದರೆ ಆ ಕಂಕುಳಿಂದ ಹತ್ತಿ ಮತ್ತೆ ಚಿಗುರುತ್ತದೆ, ಆಳಿನ ಕೂಲಿ ದಂಡ.

ಕೂರಿಗೆಯಿಂದ ಬಿತ್ತಿದ ತಳಿಗಳಲ್ಲಿ ಈ ಕೆಲಸ ಇನ್ನೂ ದೊಡ್ಡದು, ಏಕೆಂದರೆ ಸಾಲಿನ ಉದ್ದಕ್ಕೂ ಸಸಿ ಒತ್ತಾಗಿ ಬಂದಿರುತ್ತದೆ. ಅಳತೆಯ ಕಡ್ಡಿಯೊಂದನ್ನು ಕೈಯಲ್ಲಿ ಹಿಡಿದು, ತಳಿಗೆ ಹೇಳಿದ ಅಂತರ ನೋಡುತ್ತ ಹೋಗಿ. ಕಣ್ಣಂದಾಜು ಮಧ್ಯಾಹ್ನದ ಹೊತ್ತಿಗೆ ಸಡಿಲಾಗುತ್ತದೆ.

ಸಸಿ ಕಿತ್ತಾದ ಮೇಲೆ ಎಡೆ ಹೊಡೆದು, ಮೊದಲ ಕಂತಿನ ಯೂರಿಯಾವನ್ನು 30ನೇ ದಿನದ ಹೊತ್ತಿಗೆ ಹಸಿ ಇರುವಾಗ ಬುಡದಿಂದ ನಾಲ್ಕು ಬೆರಳು ದೂರ ಹಾಕಿ ಮಣ್ಣು ಮುಚ್ಚಿ. ಕೀಳುವ ಮೊದಲೇ ಹಾಕಿದರೆ ನಾಳೆ ಕೀಳುವ ಸಸಿಗೂ ಉಣಿಸಿದಂತೆ.

ನೀರು: ಮೊದಲ 40 ದಿನ ಕೈ ಬಿಗಿ

ಬಿತ್ತುವಾಗ ಒಂದೂವರೆ ಎರಡಡಿ ಆಳ ನೆನೆದಿರಬೇಕು. ಬಿತ್ತಿದ ಮೇಲೆ ಮಣ್ಣು ಹೆಪ್ಪುಗಟ್ಟಿ ಮೊಳಕೆ ಏಳದಿದ್ದರೆ ನಾಲ್ಕೈದನೇ ದಿನ ಒಂದು ಹಗುರ ನೀರು. ಆಮೇಲೆ ಆಳವಾದ ಎರಿಯಲ್ಲಿ 30–35ನೇ ದಿನದವರೆಗೆ ನೀರು ಬೇಡ. ಮೇಲಿನ ಪದರ ಒಣಗುತ್ತ ಹೋದಂತೆ ತಾಯಿಬೇರು ಹಸಿ ಹುಡುಕಿಕೊಂಡು ಕೆಳಗಿಳಿಯುತ್ತದೆ. ವಾರಕ್ಕೊಮ್ಮೆ ನೀರು ಕೊಟ್ಟರೆ ಬೇರು ಮೇಲೆಯೇ ಹರಡುತ್ತದೆ, ಗೊಡ್ಡು ಟೊಂಗೆ ಹೆಚ್ಚುತ್ತವೆ, ಆಗಸ್ಟಿನಲ್ಲಿ ಹತ್ತು ದಿನ ನೀರು ತಪ್ಪಿದರೆ ಅದೇ ಗಿಡ ಮೊದಲು ಬಾಡುತ್ತದೆ. ಮಸಾರಿಯಲ್ಲಿ ಇಷ್ಟು ದಿನ ತಡೆಯಲಾಗದು, 12–15 ದಿನಕ್ಕೊಮ್ಮೆ ಹಗುರವಾಗಿ ಕೊಡಬೇಕು.

ನೀರು ಬೇಕೋ ಬೇಡವೋ ಎಂಬುದನ್ನು ಮೇಲಿನ ಬಿರುಕು ನೋಡಿ ನಿರ್ಧರಿಸಬೇಡಿ. ಸಲಿಕೆಯಿಂದ ಒಂದು ಗೇಣು ಆಳ ತೋಡಿ ಹಿಡಿ ಮಣ್ಣು ತೆಗೆಯಿರಿ. ಹಿಸುಕಿದರೆ ಉಂಡೆಯಾಗಿ, ಹೆಬ್ಬೆರಳಿನಿಂದ ತೀಡಿದರೆ ಪಟ್ಟಿಯಂತೆ ಎರಡು ಬೆರಳು ಉದ್ದ ಬಂದರೆ ಹಸಿ ಸಾಕಷ್ಟಿದೆ. ಉಂಡೆಯಾದರೂ ಪಟ್ಟಿ ಬೇಗ ಮುರಿದರೆ ಎರಡು ಮೂರು ದಿನದಲ್ಲಿ ನೀರು ಬೇಕು. ಉಂಡೆ ಬೆರಳಲ್ಲೇ ಪುಡಿಯಾದರೆ ತಡವಾಗಿದೆ. ಗಿಡವೂ ಹೇಳುತ್ತದೆ. ಎಲೆ ತಿಳಿಹಸಿರು ಬಿಟ್ಟು ನೀಲಿ ಬೆರೆತ ಕಡುಹಸಿರಿಗೆ ತಿರುಗುವುದು ಮೊದಲ ಗುರುತು. ಮಧ್ಯಾಹ್ನ ಬಾಡಿ ಸಂಜೆಗೆ ಎದ್ದರೆ ಎಳೆ ಗಿಡಕ್ಕೆ ತೊಂದರೆಯಿಲ್ಲ. ಹೂವಿನ ಕಾಲದಲ್ಲಿ ಬೆಳಿಗ್ಗೆ 10–11ಕ್ಕೇ ಎಲೆ ಜೋತರೆ ಅಂದೇ ನೀರು ಬಿಡಬೇಕು.

ಎರಿಯಲ್ಲಿ ಬಿರುಕು ಬಿಡುವ ತನಕ ಕಾಯುವುದರಲ್ಲಿ ಇನ್ನೊಂದು ನಷ್ಟವಿದೆ. ನೀರು ಸಾಲಿನಲ್ಲಿ ಮುಂದೆ ಸಾಗದೆ ಬಿರುಕಿಗೆ ಇಳಿಯುತ್ತದೆ, ಪಂಪು ಗಂಟೆಗಟ್ಟಲೆ ಓಡಿದರೂ ಹೊಲದ ತುದಿ ಮುಟ್ಟುವುದಿಲ್ಲ. ನೀರು ಬಿಟ್ಟ ನಾಲ್ಕೈದನೇ ದಿನ, ಕುಂಟೆಯ ಕುಡಕ್ಕೆ ಮಣ್ಣು ಮೆತ್ತದ ಹದದಲ್ಲಿ ಎಡೆ ಹೊಡೆದರೆ ಮೇಲಿನ ಪುಡಿಮಣ್ಣು ಬಿರುಕನ್ನು ಮುಚ್ಚಿ ಹಸಿ ಕಾಯುತ್ತದೆ.

ಎಷ್ಟು ನೀರು, ಎಷ್ಟು ಹೊತ್ತು

ಎಕರೆಗೆ 1 ಮಿ.ಮೀ. ನೀರು ಎಂದರೆ 4,047 ಲೀಟರ್. ಒಂದು ಪೂರ್ತಿ ನೀರಿಗೆ 50 ಮಿ.ಮೀ. ಹಿಡಿದರೆ ಸುಮಾರು 2 ಲಕ್ಷ ಲೀಟರ್. ಈಗ ಬೋರಿನ ನೀರು ಅಳೆಯಿರಿ: 200 ಲೀಟರಿನ ಬ್ಯಾರೆಲ್ ತುಂಬಲು 60 ಸೆಕೆಂಡು ಹಿಡಿದರೆ ಗಂಟೆಗೆ 12,000 ಲೀಟರ್. ಅಂದರೆ ಎಕರೆಗೆ 17 ಗಂಟೆ. ತ್ರೀಫೇಸ್ ಕರೆಂಟು ದಿನಕ್ಕೆ 7 ಗಂಟೆ ಸಿಕ್ಕರೆ ಎರಡೂವರೆ ದಿನ. ನಾಲ್ಕೆಕರೆ ಹತ್ತಿ ಇದ್ದವರಿಗೆ ಒಂದು ಸುತ್ತು ಮುಗಿಯಲು ಹತ್ತು ದಿನ ಬೇಕು. ಹಾಗಾಗಿ ಗಿಡ ಬಾಡಿದ ಮೇಲೆ ಶುರು ಮಾಡಿದರೆ ನಾಲ್ಕನೇ ಎಕರೆಯ ಮೊಗ್ಗು ಅಷ್ಟರಲ್ಲಿ ನೆಲ ಕಂಡಿರುತ್ತದೆ. ಸುತ್ತು ಎಷ್ಟು ದಿನದ್ದೋ ಅಷ್ಟು ಮುಂಚೆ ಮೊದಲ ಎಕರೆಗೆ ನೀರು ಬಿಡಬೇಕು.

ನೀರು ಕಡಿಮೆ ಇದ್ದಲ್ಲಿ ಸಾಲು ಬಿಟ್ಟು ಸಾಲಿಗೆ ಹಾಯಿಸಿ. ಈ ಸಲ ಒಂದು, ಮೂರು, ಐದನೇ ಸಾಲು. ಮುಂದಿನ ಸಲ ಎರಡು, ನಾಲ್ಕು, ಆರು. ಪ್ರತಿ ಗಿಡಕ್ಕೂ ಒಂದು ಮಗ್ಗುಲಿನಿಂದ ಹಸಿ ಸಿಗುತ್ತದೆ, ನೀರು ಕಾಲುಭಾಗಕ್ಕಿಂತ ಹೆಚ್ಚೇ ಉಳಿಯುತ್ತದೆ, ಸುತ್ತು ಬೇಗ ಮುಗಿಯುತ್ತದೆ. ಎರಿಯಲ್ಲಿ ನೀರು ಪಕ್ಕಕ್ಕೆ ಚೆನ್ನಾಗಿ ಹರಡುವುದರಿಂದ ಈ ಪದ್ಧತಿ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ಸಾಲು ಬಹಳ ಉದ್ದ ಬೇಡ, 60–75 ಮೀಟರಿಗೆ ಒಂದು ಅಡ್ಡಗಾಲುವೆ ಇರಲಿ. ನೀರು ಮುಕ್ಕಾಲು ಸಾಲು ಮುಟ್ಟಿದಾಗ ತಿರುಗಿಸಿಬಿಡಿ, ಉಳಿದ ಕಾಲುಭಾಗವನ್ನು ಹರಿಯುವ ನೀರೇ ತುಂಬುತ್ತದೆ.

ಹನಿ ನೀರಾವರಿಯವರು ಗಿಡದ ಲೆಕ್ಕದಲ್ಲಿ ಕೊಡಬೇಕು. 120 × 60ರಲ್ಲಿ ಒಂದು ಗಿಡದ ಪಾಲಿಗೆ 0.72 ಚದರ ಮೀಟರ್. ದಿನದ ಆವಿ 5 ಮಿ.ಮೀ. ಇದ್ದು, ಹೂ-ಕಾಯಿ ಕಾಲದಲ್ಲಿ ಹತ್ತಿ ಅದರ ಸುಮಾರು 1.1 ಪಟ್ಟು ಕುಡಿಯುತ್ತದೆಂದು ಹಿಡಿದರೆ ಗಿಡಕ್ಕೆ ದಿನಕ್ಕೆ 4 ಲೀಟರ್. ಗಂಟೆಗೆ 4 ಲೀಟರಿನ ಹನಿಕೆ ಇದ್ದರೆ ಒಂದು ಗಂಟೆ, ಸೋರಿಕೆಗೆಂದು ಹತ್ತು ನಿಮಿಷ ಜಾಸ್ತಿ. ಮೊದಲ ತಿಂಗಳು ಇದರ ಮೂರನೇ ಒಂದು ಭಾಗ ಸಾಕು. 25 ಮಿ.ಮೀ. ಮಳೆ ಬಿದ್ದರೆ ನಾಲ್ಕೈದು ದಿನ ನಿಲ್ಲಿಸಿ.

ತುಂತುರು ನೀರಾವರಿ ಇದ್ದವರಿಗೆ ಒಂದೇ ಮಾತು: ಹೂ ಬಿಟ್ಟ ಮೇಲೆ ಬೆಳಗಿನ ಹೊತ್ತು ಬೇಡ. ಹತ್ತಿ ಹೂ ಬೆಳಿಗ್ಗೆ ಅರಳುತ್ತದೆ, ಪರಾಗಕ್ಕೆ ನೀರು ತಾಗಿದರೆ ಒಡೆದುಹೋಗಿ ಆ ದಿನದ ಹೂ ಕಾಯಿಯಾಗುವುದಿಲ್ಲ. ಸಂಜೆ ಹಾಕಿ.

60ರಿಂದ 100ನೇ ದಿನ: ಹಸಿ ತಪ್ಪಬಾರದು

40ನೇ ದಿನದ ಸುಮಾರಿಗೆ ಮೊಗ್ಗು, ಅದರ ಮೇಲೆ ಸುಮಾರು ಮೂರು ವಾರಕ್ಕೆ ಹೂ. ಬಿಳಿ ಹೂ ಮರುದಿನ ಕೆಂಪಾಗುತ್ತದೆ. ಅರಳಿದ ದಿನದಿಂದ ಹತ್ತು ಹನ್ನೆರಡು ದಿನ ಎಳೆಕಾಯಿ ಉದುರುವ ಭಯವಿದೆ, ಅದು ದಾಟಿದರೆ ಕಾಯಿ ಸಾಮಾನ್ಯವಾಗಿ ಉದುರುವುದಿಲ್ಲ. ನೂಲು ಉದ್ದವಾಗುವುದು ಮೊದಲ 20–25 ದಿನದಲ್ಲಿ, ದಪ್ಪವಾಗುವುದು ಆಮೇಲೆ. ಆ ಮೊದಲ ಮೂರು ವಾರ ನೀರು ತಪ್ಪಿದರೆ ಕಾಯಿ ಉಳಿದರೂ ಎಳೆ ಗಿಡ್ಡ, ಮಾರುಕಟ್ಟೆಯಲ್ಲಿ ದರ ಕಡಿಮೆ.

ಈ ಕಾಲದಲ್ಲಿ ಎರಿಗೆ 12–15 ದಿನಕ್ಕೊಮ್ಮೆ, ಮಸಾರಿಗೆ 8–10 ದಿನಕ್ಕೊಮ್ಮೆ, ಮಳೆ ನೋಡಿಕೊಂಡು. ನೆಲದ ಮೇಲೆ ಮೊಗ್ಗು ಬಿದ್ದದ್ದು ಇವತ್ತಿನ ಕೊರತೆಯಿಂದಲ್ಲ, ನಾಲ್ಕರಿಂದ ಏಳು ದಿನದ ಹಿಂದಿನ ಕೊರತೆಯಿಂದ. ಎಷ್ಟೇ ಒಳ್ಳೆಯ ಹೊಲದಲ್ಲೂ ಮೊಗ್ಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಉದುರುವುದು ಗಿಡದ ಸ್ವಭಾವ, ಅದಕ್ಕೆ ಹೆದರಬೇಡಿ. ಉದುರುವಿಕೆ ಒಮ್ಮೆಲೇ ಏರಿದರೆ ಮೊದಲು ಬೇರಿನ ಹಸಿ ನೋಡಿ. ಎನ್ಎಎ (ಮೊಗ್ಗು-ಕಾಯಿ ಉದುರುವುದನ್ನು ತಡೆಯಲು ಬಳಸುವ ಬೆಳವಣಿಗೆ ಚೋದಕ) ಶೇ. 4.5ರ ಔಷಧವನ್ನು ನಾಲ್ಕೂವರೆ ಲೀಟರ್ ನೀರಿಗೆ 1 ಮಿ.ಲೀ. ಬೆರೆಸಿ ಸಿಂಪಡಿಸುವುದುಂಟು, ಆದರೆ ಒಣಗಿದ ಹೊಲದಲ್ಲಿ ಅದು ನೀರಿನ ಕೆಲಸ ಮಾಡುವುದಿಲ್ಲ.

ಗಿಡವನ್ನೇ ಕೇಳುವ ಒಂದು ಪಕ್ಕಾ ವಿಧಾನ ಕಲಿತುಕೊಳ್ಳಿ. ಹೊಲದ ಬೇರೆ ಬೇರೆ ಕಡೆ ಹತ್ತು ಗಿಡ ಆರಿಸಿ. ಟೊಂಗೆಯಲ್ಲಿ ಕಾಂಡಕ್ಕೆ ಹತ್ತಿರದ ಮೊದಲ ಜಾಗದಲ್ಲಿ ಇಂದು ಅರಳಿದ ಬಿಳಿ ಹೂ ಎಲ್ಲಿದೆ ಹುಡುಕಿ, ಹಲವು ಇದ್ದರೆ ಎಲ್ಲಕ್ಕಿಂತ ಮೇಲಿನದು. ಅಲ್ಲಿಂದ ತುದಿಯವರೆಗೆ ಎಷ್ಟು ಗಿಣ್ಣು ಎಂದು ಎಣಿಸಿ. ತುದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಬಿಚ್ಚಿದ ಎಲೆಯ ಗಿಣ್ಣು ಕೊನೆಯದು. ಹೂ ಶುರುವಾದಾಗ 8ರಿಂದ 10 ಇದ್ದರೆ ಗಿಡ ಹದವಾಗಿದೆ. ಮೊದಲ ಹೂವಿನಲ್ಲೇ 6 ಇದ್ದರೆ ನೀರಿನ ಕೊರತೆಯಿಂದ ಬೆಳವಣಿಗೆ ನಿಲ್ಲುತ್ತಿದೆ, ತಡಮಾಡದೆ ನೀರು ಬಿಡಿ. 10 ದಾಟಿದ್ದರೆ ಗಿಡ ಸೊಕ್ಕಿದೆ, ಕಾಯಿ ಕಟ್ಟದೆ ಮೇಲೇಳುತ್ತಿದೆ. ನೀರನ್ನು ನಾಲ್ಕು ದಿನ ಮುಂದೂಡಿ, ಯೂರಿಯಾ ತಡೆಯಿರಿ. ವಾರಕ್ಕೊಮ್ಮೆ ಎಣಿಸಿ ಗೋಡೆಗೋ ಡೈರಿಗೋ ಬರೆದಿಡಿ.

ಒಮ್ಮೆಲೇ ಬಾಡಿದರೆ

ಮೂರು ವಾರ ಒಣಗಿ, ಆಮೇಲೆ ಜೋರು ಮಳೆಯೋ ತುಂಬು ನೀರೋ ಆಗಿ, ಮರುದಿನ ಬಿಸಿಲು ಬಿದ್ದರೆ ಕಾಯಿ ತುಂಬಿದ ದೊಡ್ಡ ಗಿಡಗಳೇ ಕೆಲವು ಗಂಟೆಯಲ್ಲಿ ಜೋಲುಬೀಳುತ್ತವೆ. ನೀರು ತುಂಬಿದ ಮಣ್ಣಿನಲ್ಲಿ ಬೇರಿಗೆ ಉಸಿರಿಲ್ಲ, ಮೇಲೆ ಎಲೆ ನೀರು ಕೇಳುತ್ತದೆ. ಕಾಂಡ ಸೀಳಿ ನೋಡಿ: ಒಳಗೆ ಕಂದು ಗೆರೆ ಇಲ್ಲದಿದ್ದರೆ ಇದು ಶಿಲೀಂಧ್ರದ ಸೊರಗು ರೋಗವಲ್ಲ. ಮೊದಲು ನಿಂತ ನೀರು ಹೊರಗೆ ಬಿಡಿ. 10 ಲೀಟರ್ ನೀರಿಗೆ 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಮತ್ತು 200 ಗ್ರಾಂ ಯೂರಿಯಾ ಬೆರೆಸಿ, ಬಾಡಿದ ಗಿಡದ ಬುಡಕ್ಕೆ ಅಂದೇ ಸುರಿಯಿರಿ. ಎರಡು ದಿನ ಬಿಟ್ಟರೆ ಎಲೆ ಉದುರಿ ಉಪಯೋಗವಾಗುವುದಿಲ್ಲ. ಇದು ಬಾರದಂತೆ ನೋಡಿಕೊಳ್ಳಲು ಎಂಟು ಹತ್ತು ಸಾಲಿಗೆ ಒಂದು ಬಸಿಗಾಲುವೆ ಮಳೆಗಾಲದ ಮೊದಲೇ ತೆಗೆದಿರಬೇಕು. ಪಕ್ಕದಲ್ಲಿ ಕಬ್ಬು ಇದ್ದು ನೀರು ಜಿನುಗುವ ಹೊಲಕ್ಕೆ ಬದುವಿನುದ್ದಕ್ಕೂ ಒಂದು ಆಳದ ಹರಿ ಬೇಕು. ಬಹಳ ದಿನ ಒಣಗಿದ ಹೊಲಕ್ಕೆ ಮೊದಲ ನೀರನ್ನು ಸಂಜೆ, ಹಗುರವಾಗಿ, ಸಾಲು ಬಿಟ್ಟು ಸಾಲಿಗೇ ಕೊಡಿ.

ಒಂದೇ ನೀರು ಇದ್ದವರು

ಕೃಷಿಹೊಂಡದಲ್ಲಿ 1 ಲಕ್ಷ ಲೀಟರ್ ಉಳಿದಿದ್ದರೆ ಅದು ಒಂದು ಎಕರೆಗೆ 25 ಮಿ.ಮೀ. 35ನೇ ದಿನ ಗಿಡ ಸಣ್ಣದಾಗಿ ಕಾಣುತ್ತದೆಂದು ಅದನ್ನು ಖರ್ಚು ಮಾಡಬೇಡಿ, ಆಗಿನ ಬರವನ್ನು ಹತ್ತಿ ಸಹಿಸುತ್ತದೆ. ಹೂ ತುಂಬಿ ಕೆಳಗಿನ ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬಂದ 70–85ನೇ ದಿನಕ್ಕೆ ಉಳಿಸಿ, ಸಾಲು ಬಿಟ್ಟು ಸಾಲಿಗೆ ಕೊಡಿ.

ನಿಲ್ಲಿಸುವುದು

ಮೇಲೆ ಹೇಳಿದ ಗಿಣ್ಣಿನ ಎಣಿಕೆ 5ಕ್ಕೆ ಇಳಿದ ದಿನಾಂಕ ಬರೆದಿಡಿ. ಅದರಿಂದಾಚೆಯ ಹೂಗಳು ತೂಕದ ಕಾಯಿ ಕೊಡುವುದಿಲ್ಲ. ಆ ದಿನದ ಹೂ ಗಟ್ಟಿಯಾಗಲು ಇನ್ನು ಮೂರು ನಾಲ್ಕು ವಾರ ಹಸಿ ಸಾಕು. ಆಳವಾದ ಎರಿಯಲ್ಲಿ ಮೊದಲ ಕಾಯಿ ಒಡೆಯುವ ಹೊತ್ತಿಗೆ ಕೊನೆಯ ನೀರು ಆಗಿರಬೇಕು, ಮಸಾರಿಯಲ್ಲಿ ಇನ್ನೊಂದು ಹಗುರ ನೀರು. ಈ ಹಂತದಲ್ಲಿ ಎಲೆ ಕೆಂಪಾಗತೊಡಗಿದರೆ ಅದು ನೀರಿನ ದೋಷವೇ ಎಂದುಕೊಳ್ಳಬೇಡಿ. ಚಳಿ ಮತ್ತು ಮೆಗ್ನೀಷಿಯಂ ಕೊರತೆಯಿಂದಲೂ ಆಗುತ್ತದೆ. ಲೀಟರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ 90 ಮತ್ತು 110ನೇ ದಿನ ಸಿಂಪಡಿಸಿರಬೇಕು.

ಡಿಸೆಂಬರಿನಲ್ಲಿ ಕಾಲುವೆ ನೀರು ಬಂತೆಂದು ಬಿಡಿಸಿ ಮುಗಿದ ಹತ್ತಿಗೆ ಮತ್ತೆ ಹಾಯಿಸಿದರೆ ಗಿಡ ಚಿಗುರಿ ಹೂ ಬಿಡುತ್ತದೆ. ಆ ಹೂವಿಗೆ ಬರುವುದು ಗುಲಾಬಿ ಕಾಯಿಕೊರಕ, ಅಲ್ಲಿಂದ ಅದು ಮುಂದಿನ ವರ್ಷದ ಬೆಳೆಗೆ ದಾಟುತ್ತದೆ. ಆ ಪಾಳಿಯ ನೀರನ್ನು ಕಡಲೆಗೋ ಜೋಳಕ್ಕೋ ಕೊಟ್ಟು, ಹತ್ತಿ ಕಟ್ಟಿಗೆಯನ್ನು ಬೇರು ಸಮೇತ ಕಿತ್ತು ಹೊಲದಿಂದ ಹೊರಹಾಕಿ.